ಅಂಬಿಕಳ ಹುಳ, ಕೋದಂಡಪ್ಪನ ಹುಳ

ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಬೇರುಗಂಟಿನ ಹುಳದ ಹಿಂಭಾಗವನ್ನು ನನ್ನಷ್ಟು ನೋಡಿದವನು ಹುಟ್ಟಿಲ್ಲ, ಹುಟ್ಟುವುದೂ ಅನುಮಾನ. ನನ್ನ ಅಜ್ಜ ನೆಲದಡಿಯಿಂದ ಚಿನ್ನ ತೆಗೆದ. ನಾನು ಬೇರಿನೊಳಗಿಂದ ಹುಳ ತೆಗೆಯುತ್ತೇನೆ. ಯಾವುದು ಕಷ್ಟವೆಂದು ಅಜ್ಜ ಇದ್ದಿದ್ದರೆ ತಾನೇ ಒಪ್ಪಿಕೊಳ್ಳುತ್ತಿದ್ದ.

ಅಂದು ಬಂಗಾರಪೇಟೆಯಲ್ಲಿ ನಾನು ಬೇರು ಪರೀಕ್ಷಿಸುವ ಕೋಣೆಗೆ ಬೂದಿಕೋಟೆಯ ಕೋದಂಡಪ್ಪ ಟೊಮೇಟೊ ಗಿಡದ ಬೇರು ಹಿಡಿದು ಬಂದ. ಒಂದೊಂದು ಗಂಟೂ ರಾಗಿಮುದ್ದೆಯಷ್ಟು! ಹಿಂದೆಯೇ ಅವನಿಗೆ ಸಸಿ ಮಾರಿದ್ದ ನರ್ಸರಿಯ ಅಂಬಿಕ, ಕೈಯಲ್ಲಿ ಅದೇ ಕಂತಿನಲ್ಲಿ ಮಾರದೆ ಉಳಿದ ಸಸಿಗಳು.

“ನಿನ್ ಸಸಿ ಜೊತೆಗೇ ಉಳ ಬಂದಿರಾದು ಕಣಮ್ಮಾ. ಊರೆಲ್ಲಾ ಯೋಳ್ತೀನಿ,” ಎಂದ ಕೋದಂಡಪ್ಪ.

“ಆಗ್ಲೇ ಅರ್ಧ ತಾಲೂಕಿಗೆ ಯೋಳಿದ್ದೀಯ,” ಎಂದ ಅಂಬಿಕ ನನ್ನತ್ತ ತಿರುಗಿದಳು. “ವೇಣಣ್ಣ, ನೀನೇ ನೋಡು. ಈವಣ್ಣನ ಹೊಲ್ದಾಗಿರೋದು ನನ್ ಉಳ ಆದ್ರೆ ನರ್ಸರಿ ಇವತ್ತೇ ಮುಚ್ತೀನಿ.”

ಅವಳ ಸಸಿಯ ಬೇರಲ್ಲೂ ಸಣ್ಣ ಗಂಟುಗಳಿದ್ದವು. ಕೋದಂಡಪ್ಪ ಗೆದ್ದವನಂತೆ ಕಾಲ ಮೇಲೆ ಕಾಲು ಹಾಕಿದ.

ಇಬ್ಬರ ಬೇರಿನ ಗಂಟುಗಳನ್ನೂ ಸೀಳಿ, ಮುತ್ತಿನಂಥ ಬಿಳಿಯ ಹೆಣ್ಣುಹುಳಗಳನ್ನು ಹೊರತೆಗೆದೆ. ಸೊಳ್ಳೆಯ ಮೀಸೆ ಬೋಳಿಸಬಲ್ಲ ನನ್ನ ಬ್ಲೇಡಿನಿಂದ ಹಿಂಭಾಗ ಕತ್ತರಿಸಿ ಗಾಜಿನ ಮೇಲಿಟ್ಟೆ.

“ಮುಖ ನೋಡಲ್ವೇನ್ಲಾ?” ಎಂದ ಕೋದಂಡಪ್ಪ.

“ಮುಖದಾಗೆ ಏನೈತಣ್ಣಾ? ನಮ್ಗೆ ಹೆಬ್ಬೆಟ್ಟಿನಾಗೆ ಗೆರೆ ಇದ್ದಂಗೆ ಇವುಕ್ಕೆ ಹಿಂದ್ಗಡೆ.”

“ಥೂ, ಎಂಗಸ್ರ ಮುಂದೆ ಏನ್ ಮಾತ್ಲಾ ಇದು!”

ಕೋದಂಡಪ್ಪನ ಹುಳಗಳ ಗೆರೆಗಳು ಬಾಗಿಲ ಕಮಾನಿನಂತೆ ಎತ್ತರಕ್ಕೆ ಏರಿದ್ದವು: ಇನ್‌ಕಾಗ್ನಿಟಾ ಎಂಬ ಜಾತಿ. ಅಂಬಿಕಳ ಹುಳಗಳಿಗೆ ಕಮಾನು ತಗ್ಗು, ಎರಡೂ ಪಕ್ಕ ಎದ್ದು ಕಾಣುವ ಜೋಡಿಗೆರೆ: ಜವಾನಿಕಾ ಜಾತಿ. ಸಾವಿರ ಹುಳ ನೋಡಿದೆ. ಸರಿ, ಒಂದು ನಲವತ್ತು. ಒಂದೂ ಬೆರಕೆಯಿರಲಿಲ್ಲ.

“ಎರಡೂ ಬೇರೆ ಬೇರೆ ಜಾತಿ,” ಎಂದೆ. “ಅಂಬಿಕಾ, ನಿನ್ ಉಳ ಅವರ ಹೊಲಕ್ಕೆ ಓಗಿಲ್ಲ. ಆದ್ರೆ ನಿನ್ ಅತ್ರಾನೂ ಉಳ ಐತೆ. ಎರಡನ್ನೂ ವರದಿನಾಗೆ ಬರೀತೀನಿ.”

ಅವಳು ತಲೆ ತಗ್ಗಿಸಲಿಲ್ಲ. “ಬರಿಯಣ್ಣ. ಮಾರಿ ಉಳಿದಿದ್ದನ್ನ ನೆಲದ ಮ್ಯಾಲೆ ಇಕ್ಕಿದ್ದೆ, ಅಲ್ಲೇ ಅತ್ಕೊಂಡೈತೆ. ಎಲ್ಲಾ ಸುಟ್ಟಾಕ್ತೀನಿ.” ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನಕ್ಕಳು. “ಬಾ ಕೋದಂಡಣ್ಣ, ನೋಡು. ನನ್ ಉಳಕ್ಕೆ ಸೀರೆ ತರ ಅಂಚೈತೆ!”

ಕೋದಂಡಪ್ಪ ಎರಡನ್ನೂ ಬಗ್ಗಿ ಬಗ್ಗಿ ನೋಡಿದ. “ನಂದೇನ್ ಕಮ್ಮಿನಾ? ಅರಮನೆ ಬಾಗ್ಲಿದ್ದಂಗೈತೆ.”

“ಐತೆ, ಒಪ್ಕೊಂಡೆ,” ಎಂದಳು ಅಂಬಿಕ. “ಈಗ ಬಸ್ ಸ್ಟ್ಯಾಂಡ್ನಾಗೆ ನಿಂತು ಅದು ಯಾರ್ದು ಅಂತ ಯೋಳು.”

ಅವನು ಹೋಗಿ ನಿಂತ. “ಅಂಬಿಕಮ್ಮನ್ ಉಳ ಅಲ್ರಪ್ಪಾ, ನನ್ ಹೊಲದ್ದೇ!” ಎಂದು ಅವನು ಕೂಗಿದ್ದು ಗಣಿಯ ಕಡೆಯ ಕೋರಮಂಡಲ್ ಸ್ಟೇಷನ್‌ವರೆಗೂ ಕೇಳಿಸಿತು.