ತೊಂಬತ್ತು ಸೆಕೆಂಡಿನ ನಿಯಮ

ಸರ್ಕಾರಿ ವೆಬ್‌ಸೈಟುಗಳು ಹೇಗಿರಬೇಕೆಂದು ನಿಯಮ ಬರೆಯುವ ಸಮಿತಿಯಲ್ಲಿ ನನ್ನ ಗಂಡ ಅಮರಯ್ಯನವರೂ ಒಬ್ಬರು. ಹೈದರಾಬಾದಿನಲ್ಲಿ ಇವರ ಆಫೀಸು ಬೇಗಂಪೇಟೆಯಲ್ಲಿ. ಒಂದು ಸಂಜೆ ಎದೆಯುಬ್ಬಿಸಿಕೊಂಡು ಬಂದರು. ಏನೂ ಒತ್ತದೆ ಸುಮ್ಮನೆ ಕೂತವರ ಪುಟ ಎಷ್ಟು ಹೊತ್ತಿಗೆ ತಾನಾಗಿ ಮುಚ್ಚಬೇಕು ಎಂಬ ಚರ್ಚೆ ನಡೆದಿತ್ತಂತೆ. ಅರ್ಧ ಜನ ಒಂದು ನಿಮಿಷ ಅಂದರು, ಅರ್ಧ ಜನ ಎರಡು. ಅಷ್ಟರಲ್ಲಿ ಬಿಸಿ ಮಿರ್ಚಿ ಬಜ್ಜಿ ಬಂತು. "ಆರಿ ಹೋಗ್ತಾವ್ರಿ, ನಡುವಿಂದು ಹಿಡೀರಿ" ಅಂದವರು ಇವರೇ. ತೊಂಬತ್ತು ಸೆಕೆಂಡು ರಾಜ್ಯಕ್ಕೆಲ್ಲ ಮಾನದಂಡವಾಯಿತು.

ನನ್ನ ಅತ್ತೆ ಸುಂದರಾಬಾಯಿ ರಿಟೈರಾದ ಟೀಚರು, ವಯಸ್ಸು ಎಪ್ಪತ್ತೆಂಟು. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಿಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಶಿವನ ವಾರ ಸೋಮವಾರವೇ ಆಗಬೇಕೆಂದು ಕಾದು, ಗಡುವಿನ ಕಡೆಯ ದಿನವಾದ ಸೋಮವಾರ ಸಂಜೆ ಕಂಪ್ಯೂಟರ್ ಮುಂದೆ ಕೂತರು. ಇವರು ತುಂಬಿಕೊಡಲು ಹೋದರೆ ಕೈ ಸರಿಸಿದರು.

"ನಾ ಬದುಕೀನಿ ಅಂತ ಇನ್ನೊಬ್ಬರು ಹೇಳಬೇಕೇನ?"

ವಿಭೂತಿ ಹಚ್ಚಿಕೊಂಡು, ಶಿವನನ್ನು ನೆನೆಯದೆ ಅತ್ತೆ ಯಾವ ಕಾಗದವನ್ನೂ ಮುಟ್ಟುವವರಲ್ಲ. ಕಂಪ್ಯೂಟರಿಗೂ ಒಂದು ಬೆರಳು ವಿಭೂತಿ ಹಚ್ಚಿ ಕಣ್ಣು ಮುಚ್ಚಿದರು. ತೆರೆದಾಗ ಪುಟ ಮುಚ್ಚಿತ್ತು. ಎರಡನೇ ಸಲ ನಾನು ಅವಸರ ಮಾಡಿದೆ. "ದೇವರ ಕಡೀನೂ ಗಡಿಬಿಡಿಯೇನ?" ಎಂದು ಗದರಿದರು. ಮೂರನೇ ಸಲವೂ ಮುಚ್ಚಿ, ಖುದ್ದಾಗಿ ಕಚೇರಿಗೆ ಬನ್ನಿ ಎಂಬ ಸಾಲು ಬಂತು. ಕಚೇರಿ ಬಾಗಿಲು ಹಾಕಿ ಆಗಲೇ ಒಂದು ಗಂಟೆಯಾಗಿತ್ತು.

"ಯಾವ ಶಾಣ್ಯಾ ಮಾಡ್ಯಾನ ಈ ನಿಯಮ?"

ಇವರು ತಲೆಯೆತ್ತಿ ಫ್ಯಾನು ನೋಡತೊಡಗಿದರು. ನನಗೆ ಮೈಯೆಲ್ಲ ಉರಿದು, ಬಜ್ಜಿಯ ಕಥೆ ಹೇಳಿಯೇಬಿಟ್ಟೆ.

ಅತ್ತೆ ನಗಲಿಲ್ಲ. "ನೀ ಅವ್ವ ಅನ್ನಾಕ ಎರಡು ವರ್ಷ ತಗೊಂಡಿ ಅಮರಾ. ನಾ ಗಡಿಯಾರ ಹಿಡಕೊಂಡು ಕುಂತಿದ್ದಿಲ್ಲ."

ಇವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನವೇ ಅತ್ತೆಯನ್ನು ಕಚೇರಿಗೆ ಕರೆದೊಯ್ದರು. ಗಡುವು ಮುಗಿದಿದೆ, ಮುಂದಿನ ತಿಂಗಳು ಬನ್ನಿ ಅಂದರು ಅಲ್ಲಿಯವರು. ನಿಯಮ ಬದಲಿಸಿ ಎಂದು ಇವರು ಸಮಿತಿಗೆ ಪತ್ರ ಬರೆದರೆ, ಸಲಹೆಗಳನ್ನು ವೆಬ್‌ಸೈಟಿನಲ್ಲಷ್ಟೇ ಸ್ವೀಕರಿಸುತ್ತೇವೆಂದು ಉತ್ತರ ಬಂತು. ಮಾಡಿದ್ದುಣ್ಣೋ ಮಹಾರಾಯ, ಆ ನಿಯಮವೂ ಇವರದೇ.

ಸರಿ, ವೆಬ್‌ಸೈಟ್ ತೆರೆದು ಕೂತರು. ಎಲ್ಲ ಸರಸರ ತುಂಬಿ, 'ಈಗಿನ ನಿಯಮಕ್ಕೆ ಆಧಾರವೇನು?' ಎಂಬಲ್ಲಿ ಬೆರಳು ನಿಂತಿತು. ಬಜ್ಜಿ ಎಂದು ಬರೆಯುವುದಾದರೂ ಹೇಗೆ? ಯೋಚಿಸುತ್ತಿದ್ದಂತೆ ಪುಟ ಮುಚ್ಚಿಕೊಂಡಿತು.

ಅತ್ತೆ ವಿಭೂತಿ ಗಟ್ಟಿಯನ್ನು ಮಗನ ಮುಂದೆ ಸರಿಸಿದರು.

"ಹಚ್ಚಿಕೊಂಡು ನಿಧಾನಕ್ಕ ಬರಿಯಪ್ಪ. ನನಗೇನು ಅವಸರ ಇಲ್ಲ. ನಿಮ್ಮ ಸರ್ಕಾರದ ಪ್ರಕಾರ ನಾ ಸತ್ತು ಆಗಲೇ ವಾರ ಆತು."