ಹಿಂದಕ್ಕೆ ಬಾರದ ನೀರು

ಬಸರಾಳು ಕಡೆಯ ಆ ನಾಲೆಯಲ್ಲಿ ನೀರಿಗೆ ಸರದಿಯಿತ್ತು. ಹೊತ್ತು ನೆತ್ತಿಗೆ ಬರುವವರೆಗೆ ಶಿವರಾಜುವಿನ ಗದ್ದೆಗೆ, ಆಮೇಲೆ ಸಂಜೆಯವರೆಗೆ ಅವನ ಅತ್ತಿಗೆ ಹೊಂಬಾಳಮ್ಮನ ಗದ್ದೆಗೆ. ಕಾದು ಕಾದು ಸಾಕಾಗಿ ಹೊಂಬಾಳಮ್ಮ ಗುದ್ದಲಿ ಹಿಡಿದು ನಾಲೆಗೆ ಬಂದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ನೀರು ಇನ್ನೂ ಮೈದುನನ ಗದ್ದೆಗೇ ಹರಿಯುತ್ತಿತ್ತು.

ಮದ್ದೂರಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಶಿವರಾಜು, ಸರದಿ ನೋಡಿಕೊಳ್ಳಬೇಕಾದ ನೀರುಗಂಟಿ ತಿಮ್ಮಯ್ಯನ ಜೊತೆ ಏರಿಯ ಮೇಲೆ ಕೂತಿದ್ದ.

“ಜೋರಾಗಿ ಓಡೋರ್ಗೆ ಕಾಲ ನಿಧಾನ ಕಣತ್ಗೆ. ನಾನು ಬೈಕಲ್ಲಿ ಬಂದೆ. ನಂಗಿನ್ನೂ ಮದ್ಯಾನ ಆಗಿಲ್ಲ.”

ತಿಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಂಬಾಳಮ್ಮನಿಗೆ ಮೈಯೆಲ್ಲ ಉರಿಯಿತು. ಅವಳ ಭತ್ತಕ್ಕೆ ಹಾಲು ತುಂಬುವ ಕಾಲ. ಈಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು.

“ಕಳ್ದೋದ ಮದ್ಯಾನಕ್ಕೆ ತಿರುಗಿ ಓಗಕಾಯ್ತದಾ?”

“ಮುಂದಕ್ಕಾದ್ರೆ ಓಗಬೌದು, ಇಂದಕ್ಕಾಗಲ್ಲ. ಇಂದಕ್ಕೋಗೋ ಮಿಸೀನು ಸಿಕ್ಕುದ್ರೆ ಮೊದ್ಲು ನಿಮ್ ನೀರ್ನೇ ತಂದ್ಕೊಡ್ತೀನಿ ಬುಡಿ.”

“ಇಂದಕ್ಕಾಗಲ್ಲ ಅಂತ ಗೊತ್ತಿದ್ದೂ ನನ್ ನೀರು ತಗಂಡೆ. ಗೊತ್ತಿಲ್ದೋನಾಗಿದ್ರೆ ಬೈದು ಸುಮ್ನಾಗ್ತಿದ್ದೆ. ನಿಂಗೇನನ್ಬೇಕು, ಮೇಷ್ಟ್ರೇ?”

ಅವಳು ಸೀರೆ ಎತ್ತಿಕಟ್ಟಿ ನಾಲೆಗೆ ಇಳಿದಳು. ಮಣ್ಣು ಎಳೆದೆಳೆದು ಅವನ ಗದ್ದೆಗೆ ನೀರು ಹೋಗುವ ಮಡೆಬಾಯನ್ನು ಮುಚ್ಚಿದಳು.

“ಮುಂದಕ್ಕೆ ಓಗಬೌದು ಅಂದ್ಯಲ್ಲ. ನಿನ್ನ ಮುಂದಿನ ಸರದಿ ನಂದು. ಏನ್ ತಿಮ್ಮಣ್ಣ, ಅದಕ್ಕೂ ನಗ್ತೀಯಾ?”

ಶಿವರಾಜು ಏರಿಯಿಂದ ಎದ್ದ. ತಿಮ್ಮಯ್ಯ ಅವನತ್ತ ನೋಡದೆ ತಲೆ ತಗ್ಗಿಸಿದ.

“ಆಗ್ಲಿ ಕಣಮ್ಮ.”