ಕ್ಯಾಪ್ಟನ್ ಸುಮ್ಮನಾದ ಆದಿತ್ಯವಾರ

ನಮ್ಮ ಜೆಪ್ಪಿನ ಓಣಿಯಲ್ಲಿ ಆಗ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಚಂದ್ರಲೋಕಕ್ಕೆ ಹೋಗುವವರೆಲ್ಲ ನಮ್ಮ ಜಗಲಿ ಹತ್ತಿಯೇ ಹೋಗಬೇಕಿತ್ತು. ಹೋಗಲಿ, ನನಗೇನೂ ಬೇಸರವಿಲ್ಲ. ಆದರೆ ಹೋಗುವ ಮೊದಲು ಕಾಲು ತೊಳೆಯಬೇಕೆಂದು ಒಬ್ಬರಿಗಾದರೂ ನೆನಪಾಗಬೇಡವೇ? ಶನಿವಾರ ನಾನು ಸೊಂಟ ಬಗ್ಗಿಸಿ ಉಜ್ಜಿದ ಕೆಂಪು ನೆಲದ ಮೇಲೆ ಆದಿತ್ಯವಾರ ಬೆಳಿಗ್ಗೆ ಓಣಿಯ ಧೂಳೆಲ್ಲ ಬಂದು ಕೂರುತ್ತಿತ್ತು. ಬರ್ನಡೆಟ್ ಟೀಚರಿಗೆ, ಅಂದರೆ ನನಗೆ, ಬಾಯಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದರು. ಇಂಥ ನೆಲ ಒರೆಸುವವಳಿಗೆ ಬಾಯಿಯಾದರೂ ಬೇಡವಾ?

೧೯೬೩ರ ಮಾತು. ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಕಳಿಸಿ ಜೀವಂತವಾಗಿ ಇಳಿಸಿಕೊಂಡಿದ್ದರು, ಚಂದ್ರನ ಮೇಲೆ ಮಾತ್ರ ಇನ್ನೂ ಯಾರೂ ಕಾಲಿಟ್ಟಿರಲಿಲ್ಲ. ಆ ವರ್ಷ ಘಟ್ಟದ ಮೇಲಿನ ಒಂದು ರೇಡಿಯೋ ನಿಲಯದವರು ಆದಿತ್ಯವಾರ ಬೆಳಿಗ್ಗೆ ‘ಚಂದ್ರನ ದಡಕ್ಕೆ’ ಎಂಬ ನಾಟಕವನ್ನು ಕಂತು ಕಂತಾಗಿ ಹಾಕಲು ಶುರುಮಾಡಿದರು. ಒಂದು ನೌಕೆ, ಅದರಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬಳು ಡಾಕ್ಟರಮ್ಮ, ಲೆಕ್ಕ ತಪ್ಪುವ ಒಂದು ಯಂತ್ರಮಾನವ. ಇಗರ್ಜಿಯಲ್ಲಿ ಪಾದ್ರಿಗಳ ಪ್ರಸಂಗದ ಹೊತ್ತಿಗೆ ತೂಕಡಿಸುವವರು ಕೂಡ ಈ ಮೂವರ ಮಾತಿಗೆ ಕಣ್ಣು ಮಿಟುಕಿಸದೆ ಕೂರುತ್ತಿದ್ದರು. ಸಾಯ್ಬಾ, ದೇವರೇ, ಕ್ಷಮಿಸು, ಅವರಲ್ಲಿ ನಾನೂ ಒಬ್ಬಳು.

ನನ್ನ ಗಂಡ ಇಸಿದೋರ್ ಬಜಪೆಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ತೂಗುವ ಕೆಲಸದಲ್ಲಿದ್ದರು. ವಿಮಾನವನ್ನು ಹತ್ತಿರದಿಂದ ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ ಓಣಿಗೆಲ್ಲ ಅವರೇ ರಾಕೆಟ್ಟಿನ ಪಂಡಿತ. ಇಗರ್ಜಿಗೆ ಹೋಗುವ ಗಂಡಸರನ್ನು ನಮ್ಮೂರಲ್ಲಿ ಪೊರ್ಬುಳು ಎಂದು ಕರೆಯುತ್ತಿದ್ದರು.

“ಪೊರ್ಬುಳೇ, ರಾಕೆಟಿಗೆ ಬ್ರೇಕ್ ಉಂಟಾ?” ಎಂದು ಒಣಮೀನಿನ ವ್ಯಾಪಾರಿ ಉಮರಬ್ಬ ಕೇಳಿದರೆ, “ಬ್ರೇಕ್ ಇಲ್ಲದೆ ಬಿಡ್ತಾರಾ ಮಾರಾಯ?” ಎಂದು ಇವರು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಈ ಮನುಷ್ಯನಿಗೆ ತನ್ನ ಸೈಕಲಿನ ಬ್ರೇಕ್ ಸರಿಮಾಡಲು ಬರುತ್ತಿರಲಿಲ್ಲ.

ಇನ್ನು ಮುಖ್ಯ ವಿಷಯ. ಆ ನೌಕೆಯ ಕ್ಯಾಪ್ಟನ್ ನಮ್ಮದೇ ಓಣಿಯ ಹುಡುಗ. ಲೋಕನಾಥ. ಓಣಿಯ ತುದಿಯಲ್ಲಿ ಹೋಟೆಲು ನಡೆಸುತ್ತಿದ್ದ ಸಂಕಪ್ಪ ಶೆಟ್ಟರ ಮಗ. ಶೆಟ್ಟರಿಗೆ ಬಂಟ್ವಾಳದ ಕಡೆ ಗದ್ದೆ ತೋಟ ಇತ್ತು, ಪೇಟೆಯಲ್ಲಿ ಹೋಟೆಲು ಇತ್ತು, ಆದರೆ ಅವರ ಹೆಸರು ಇದ್ದದ್ದು ತಾಳಮದ್ದಲೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೂತು ಬರಿಯ ಮಾತಿನಲ್ಲೇ ಯುದ್ಧ ಮಾಡುವ ಆಟ ಅದು. ಆ ಮಾತಿಗೇ ಅರ್ಥ ಎಂದು ಹೆಸರು. ಶೆಟ್ಟರು ಅರ್ಥ ಹೇಳಲು ಕೂತರೆ ಎದುರು ಕೂತವನಿಗೆ ಬೆವರು. ಅವನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಇವರ ಬಲಗೈ ಮೇಲೇಳುತ್ತಿತ್ತು. ಕೈ ಎದ್ದರೆ ಮುಗಿಯಿತು, ಅವನ ಮಾತು ಅಲ್ಲಿಗೇ ಕತ್ತರಿಸಿದ ಹಾಗೆ.

ಒಂದು ಸಲ ದೇವಸ್ಥಾನದ ಅಂಗಳದಲ್ಲಿ ಆ ಎದುರು ಕೂತವನು ಲೋಕನಾಥನೇ ಆಗಿದ್ದ. ಹುಡುಗ ಚಂದ ಮಾತಾಡುತ್ತಿದ್ದನಂತೆ, ಜನ ತಲೆದೂಗುತ್ತಿದ್ದರಂತೆ. ಶೆಟ್ಟರ ಕೈ ಎದ್ದಿತು. ಮತ್ತೆ ಶುರುಮಾಡಿದ, ಮತ್ತೆ ಎದ್ದಿತು. ಮೂರನೆಯ ಸಲ ಹುಡುಗ ಎದ್ದು ನಿಂತು, “ಇನ್ನು ನಿಮ್ಮೆದುರು ನಾನು ಬಾಯಿ ತೆರೆಯುವುದಿಲ್ಲ ಅಪ್ಪ” ಎಂದು ಹೇಳಿ ಹೋದವನು ಘಟ್ಟ ಹತ್ತಿ ರೇಡಿಯೋ ಸೇರಿದ. ಅಂದಿನಿಂದ ಅಪ್ಪ ಮಗನ ನಡುವೆ ಮಾತಿಲ್ಲ, ಮಗ ಮನೆಗೆ ಬಂದದ್ದೂ ಇಲ್ಲ.

ಅವನ ತಾಯಿ ಗುಲಾಬಿಯಕ್ಕ ಮಾತ್ರ ಒಂದು ಆದಿತ್ಯವಾರವನ್ನೂ ತಪ್ಪಿಸಲಿಲ್ಲ. ಜನರೆಲ್ಲ ಜಗಲಿಯಲ್ಲಿ ಕೂತರೆ ಅವರು ಒಳಕೋಣೆಯಲ್ಲಿ ರೇಡಿಯೋದ ಬುಡದಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ನೌಕೆಗೆ ಉಲ್ಕೆ ಬಡಿದರೂ, ಎಣ್ಣೆ ಮುಗಿದರೂ ಅವರಿಗೆ ಲೆಕ್ಕವಿಲ್ಲ. “ಅವನಿಗೆ ಶೀತ ಆಗಿದೆ ಟೀಚರ್, ದನಿ ಕೇಳಿದ್ರಾ?” ಎನ್ನುವುದು ಅವರ ಚಿಂತೆ. ಮಗನನ್ನು ಮನೆಗೆ ತರುವುದು ಹೇಗೆ ಎಂಬುದೊಂದೇ ಅವರ ಎದೆಯಲ್ಲಿ ಇದ್ದದ್ದು.

ಕೊನೆಯ ಕಂತಿನ ವಾರ ಲೋಕನಾಥ ಪರಿಚಯದ ಬಸ್ ಕಂಡಕ್ಟರನ ಹತ್ತಿರ ತಾಯಿಗೆ ಹೇಳಿ ಕಳಿಸಿದ್ದ: ಈ ಸಲ ಕ್ಯಾಪ್ಟನ್ ಚಂದ್ರನ ಮೇಲೆ ಇಳಿದು ಭೂಮಿಯೊಂದಿಗೆ ಮಾತಾಡುತ್ತಾನೆ, ಹೇಗಾದರೂ ಅಪ್ಪನನ್ನು ಕರೆದುಕೊಂಡು ಹೋಗಿ ಕೇಳಿಸು. ಗುಲಾಬಿಯಕ್ಕ ಏನು ಮಾಡಿದರೋ, ಎಷ್ಟು ಅತ್ತರೋ, ಆ ಆದಿತ್ಯವಾರ ಸಂಕಪ್ಪ ಶೆಟ್ಟರು ಶಾಲು ಹೊದ್ದು ನಮ್ಮ ಜಗಲಿ ಹತ್ತಿದರು. ಕಾಲು ತೊಳೆದೇ ಹತ್ತಿದರು, ಅದನ್ನು ಹೇಳಲೇಬೇಕು.

“ಪೆಟ್ಟಿಗೆಯ ಒಳಗೆ ಕೂತು ಮಾತಾಡುವುದರಲ್ಲಿ ಎಂತ ಉಂಟು ಪೊರ್ಬುಳೇ?” ಎಂದು ಕುರ್ಚಿಯಲ್ಲಿ ಕೂರುತ್ತಲೇ ಶುರುಮಾಡಿದರು. “ಎದುರು ಆಡುವವ ಇಲ್ಲ, ತಡೆಯುವವ ಇಲ್ಲ. ಅದೊಂದು ಮಾತಾ?”

“ಶ್, ಶೆಟ್ರೇ, ರಾಕೆಟ್ ಇಳೀತಾ ಉಂಟು,” ಎಂದ ಉಮರಬ್ಬ. ಶೆಟ್ಟರನ್ನು ಸುಮ್ಮನಿರಿಸಿದ ಮೊದಲ ಮನುಷ್ಯ ಅವನೇ ಇರಬೇಕು.

ನೌಕೆ ಇಳಿಯಿತು. ಅಬ್ಬಬ್ಬ, ಏನು ಸದ್ದು! ಹಂಚಿನ ಕಾರ್ಖಾನೆಯೇ ಕುಸಿದು ಬಿದ್ದಂತೆ ಗುಡುಗಿ, ಆಮೇಲೆ ಸಣ್ಣಗೆ, ಇನ್ನೂ ಸಣ್ಣಗೆ ಆಗಿ ನಿಂತಿತು. ಬಾಗಿಲು ಕಿರ್ರೆಂದು ತೆರೆಯಿತು. ಡಾಕ್ಟರಮ್ಮನ ದನಿ ನಡುಗುತ್ತಿತ್ತು: “ಕ್ಯಾಪ್ಟನ್, ಭೂಮಿ ಕಿವಿಗೊಟ್ಟು ಕಾಯುತ್ತಿದೆ. ಹೇಳಿ, ನಿಮಗೆ ಏನು ಕಾಣುತ್ತಿದೆ?”

ಆಗಲೇ ರೇಡಿಯೋದ ಗಾಜಿನ ಹಿಂದಿನ ಹಳದಿ ದೀಪ ಪುಸಕ್ಕನೆ ಆರಿತು. ಕರೆಂಟ್ ಹೋಗಿತ್ತು.

ಹಗಲು ಹೊತ್ತು, ಮನೆಯಲ್ಲಿ ಬೇರೆ ದೀಪ ಉರಿಯುತ್ತಿರಲಿಲ್ಲ. ಜಗಲಿಯಲ್ಲಿದ್ದವರಿಗೆ ರೇಡಿಯೋದ ಮುಖ ಕಾಣುತ್ತಿರಲಿಲ್ಲ. ಕಂಡದ್ದು ನಮ್ಮಿಬ್ಬರಿಗೆ ಮಾತ್ರ, ನನಗೆ ಮತ್ತು ಗುಲಾಬಿಯಕ್ಕನಿಗೆ. “ಹಾಳಾದ ಕರೆಂಟ್!” ಎಂದು ಕಿರುಚಲು ನಾನು ಬಾಯಿ ತೆರೆದೇಬಿಟ್ಟಿದ್ದೆ. ಗುಲಾಬಿಯಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಕಿಟಕಿಯ ಆಚೆ ನೋಡುವಂತೆ ಕಣ್ಣಲ್ಲೇ ಹೇಳಿದರು.

ನೋಡಿದೆ. ಜಗಲಿಯಲ್ಲಿ ಒಬ್ಬರೂ ಅಲುಗುತ್ತಿರಲಿಲ್ಲ. ಉಮರಬ್ಬನ ಬೀಡಿ ಬೆರಳಿನ ನಡುವೆ ಸುಮ್ಮನೆ ಉರಿಯುತ್ತಿತ್ತು. ಇಸಿದೋರ್ ಇಗರ್ಜಿಯಲ್ಲಿ ನಿಲ್ಲುವ ಹಾಗೆ ಕೈಕಟ್ಟಿ ನಿಂತಿದ್ದರು. ಸಂಕಪ್ಪ ಶೆಟ್ಟರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು, ಇಲ್ಲದ ಮಾತನ್ನು ಕೇಳುತ್ತಿದ್ದರು. ತೆಂಗಿನ ಗರಿ ಹಂಚಿಗೆ ಉಜ್ಜುವ ಸದ್ದು, ಎಲ್ಲೋ ಒಂದು ಕಾಗೆ, ಅಷ್ಟೇ. ಸತ್ಯ ಗೊತ್ತಿದ್ದ ನನಗೂ ಮೈ ಜುಂ ಎಂದಿತು. ಚಂದ್ರನ ಮೇಲೆ ಇರುವುದು ಇಷ್ಟೇ ಅಲ್ಲವಾ ಎಂದು ಅನಿಸಿ, ಕೂತ ನೆಲ ಜಾರಿದ ಹಾಗಾಯಿತು. ದೇವರು ಬೆಳಕನ್ನು ಮಾಡುವ ಮೊದಲು ಹೀಗೇ ಇದ್ದಿರಬೇಕು.

ಎಷ್ಟು ಹೊತ್ತೋ ಗೊತ್ತಿಲ್ಲ. ದೀಪ ಮತ್ತೆ ಹತ್ತಿತು. ಹತ್ತಿದ ಕೂಡಲೇ ಮಾತಾಡುವ ಜಾತಿಯ ರೇಡಿಯೋ ಅಲ್ಲ ಅದು, ಒಳಗಿನ ವಾಲ್ವುಗಳು ಕಾಯಬೇಕು. ಕಾದು, ಮೆಲ್ಲಗೆ ದನಿ ಬಂತು. ಡಾಕ್ಟರಮ್ಮ ಅಳುತ್ತಿದ್ದಳು: “ಸಾಕು ಕ್ಯಾಪ್ಟನ್. ಇದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಸಾಧ್ಯವಿಲ್ಲ.” ಆಮೇಲೆ ಪಿಟೀಲು. ನಾಟಕ ಮುಗಿಯಿತು.

ಯಾರೂ ಏಳಲಿಲ್ಲ. ಕೊನೆಗೆ ಉಮರಬ್ಬ ಅಂಗಳಕ್ಕೆ ಇಳಿದು, “ಯಾ ಅಲ್ಲಾ! ಇಲ್ಲಿ ಬನ್ನಿ, ನೋಡಿ!” ಎಂದು ಕೂಗಿದ. ಎಲ್ಲರೂ ಓಡಿದೆವು. ಕಡಲಿನ ದಿಕ್ಕಿನಲ್ಲಿ, ತೆಂಗಿನ ತಲೆಗಳ ಮೇಲೆ, ಹಾಡಹಗಲಿನಲ್ಲಿ ಅರ್ಧ ಚಂದ್ರ ಬಿಳುಚಿಕೊಂಡು ನಿಂತಿದ್ದ. ಕೃಷ್ಣಪಕ್ಷದಲ್ಲಿ ಬೆಳಿಗ್ಗೆ ಚಂದ್ರ ಕಾಣುವುದು ಹೊಸತೇನಲ್ಲ, ನಾನೇ ಶಾಲೆಯಲ್ಲಿ ಕಲಿಸುತ್ತಿದ್ದೆ. ಆದರೂ ಅವತ್ತು ಅದನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದ ಹಾಗಾಯಿತು.

ಯಕ್ಷಗಾನದ ಆಟ ನೋಡಿ ಬಂದ ಮೇಲೆ ಯಾರ ಪ್ರವೇಶ ಚಂದ, ಯಾರ ಮಾತು ಚಂದ ಎಂದು ವಿಂಗಡಿಸದೆ ನಮ್ಮೂರಿನವರಿಗೆ ಕಾಫಿ ಇಳಿಯುವುದಿಲ್ಲ. ಅಂಗಳದಲ್ಲೇ ಪಂಚಾಯಿತಿ ಶುರುವಾಯಿತು. ಇಡೀ ನಾಟಕದಲ್ಲಿ ಯಾವುದು ಬೆಸ್ಟ್?

“ಯಂತ್ರಮಾನವ,” ಎಂದ ಉಮರಬ್ಬ. “ಅವನೂ ನನ್ನ ಹಾಗೆಯೇ, ಲೆಕ್ಕ ಸರಿ ಬರುವುದಿಲ್ಲ.”

“ರಾಕೆಟ್ ಏಳುವಾಗಿನ ಸದ್ದು. ಅದು ಅಸಲಿ ಸದ್ದು, ನಾನು ಬಜಪೆಯಲ್ಲಿ ಕೇಳಿದ್ದೇನೆ,” ಎಂದರು ನನ್ನ ಗಂಡ. ಬಜಪೆಯಿಂದ ರಾಕೆಟ್ ಯಾವಾಗ ಎದ್ದಿತೋ!

ನನಗೆ ದಾರಿಯ ನಡುವೆ ಡಾಕ್ಟರಮ್ಮ ಅತ್ತ ಹಿಂದಿನ ಕಂತು. ಅಲ್ಲಿ ಭಾರವಿಲ್ಲದ್ದರಿಂದ ಅವಳ ಕಣ್ಣೀರು ಕೆಳಗೆ ಬೀಳದೆ ಕೆನ್ನೆಯ ಹತ್ತಿರವೇ ಮುತ್ತಿನಂತೆ ತೇಲುತ್ತಿತ್ತು ಎಂದು ಹೇಳಿದ್ದರು. ಅದನ್ನು ಕೇಳಿ ನಾನು ವಾರವಿಡೀ ಅದನ್ನೇ ಯೋಚಿಸಿದ್ದೆ.

ಶೆಟ್ಟರು ಚಂದ್ರನ ಕಡೆಗೇ ನೋಡುತ್ತಿದ್ದರು. “ನಿಮಗೆಲ್ಲ ತಲೆ ಇಲ್ಲ,” ಎಂದರು. “ಬೆಸ್ಟ್ ಎಂದರೆ ಅವ ಸುಮ್ಮನಾದದ್ದು. ನಾನು ಆಗಿದ್ದರೆ ಅಲ್ಲಿ ಒಂದು ಗಂಟೆ ಅರ್ಥ ಹೇಳ್ತಿದ್ದೆ. ಅವ ಬಾಯಿಯೇ ತೆರೆಯಲಿಲ್ಲ! ಅಷ್ಟು ದೊಡ್ಡದರ ಎದುರು ಎಂತ ಹೇಳುವುದು? ಗೊತ್ತಿತ್ತು ಅವನಿಗೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಗೊತ್ತಿತ್ತು.” ಹೆಂಡತಿಯ ಕಡೆ ತಿರುಗದೆಯೇ, “ಅವನಿಗೆ ಬರಲಿಕ್ಕೆ ಹೇಳು,” ಎಂದರು.

ಎಲ್ಲರೂ ಒಪ್ಪಿದರು. ಉಮರಬ್ಬ ಯಂತ್ರಮಾನವನನ್ನು ಕೈಬಿಟ್ಟ. ಗುಲಾಬಿಯಕ್ಕ ನನ್ನ ಮುಖ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದೆಷ್ಟು ಕಷ್ಟ ಎಂದು.

ಮುಂದಿನ ಆದಿತ್ಯವಾರ ಲೋಕನಾಥ ಬಂದ. ಅಪ್ಪ ಅವನನ್ನು ಮನೆಗಿಂತ ಮೊದಲು ನಮ್ಮ ಜಗಲಿಗೇ ಕರೆತಂದರು, ನಾಲ್ಕು ಜನರ ಎದುರು ಹೊಗಳಬೇಕಲ್ಲ. ಹುಡುಗ ಸೊರಗಿದ್ದ. ಓಣಿಯವರೆಲ್ಲ ಚಂದ್ರನಿಂದಲೇ ಇಳಿದವನನ್ನು ನೋಡಿದ ಹಾಗೆ ನೋಡಿದರು. ಯಾರೋ ಅವನ ಅಂಗಿಯ ತೋಳು ಮುಟ್ಟಿಯೂ ನೋಡಿದರು.

“ಹೇಳು ಮಗಾ,” ಎಂದರು ಶೆಟ್ಟರು. “ಆ ಬಾಗಿಲು ತೆರೆದ ಮೇಲೆ ಸುಮ್ಮನೆ ಇದ್ದದ್ದು. ಅದು ನಿನಗೆ ಯಾರು ಕಲಿಸಿದ್ದು?”

ಲೋಕನಾಥನಿಗೆ ಅರ್ಥವಾಗಲಿಲ್ಲ. ತಾಯಿಯ ಕಡೆ ನೋಡಿದ. ಗುಲಾಬಿಯಕ್ಕ ಕಣ್ಣಲ್ಲೇ ಬೇಡಿಕೊಂಡರು, ಹೂಂ ಅನ್ನು, ಒಂದು ಹೂಂ ಅಂದರೆ ಮನೆ ಸೇರುತ್ತೀ. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ.

“ಅಪ್ಪ, ನಾನು ಸುಮ್ಮನಿರಲಿಲ್ಲ,” ಎಂದ ಅವನು. “ಮಾತಾಡಿದ್ದೆ. ನೀವು ಕೇಳಬೇಕು ಎಂದೇ ನಾನೇ ಬರೆದು ಮಾತಾಡಿದ್ದೆ.”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ಕರೆಂಟ್ ಹೋಗಿತ್ತು ಶೆಟ್ರೇ,” ಎಂದೆ ನಾನು.

ಶೆಟ್ಟರ ಮುಖ ಕಪ್ಪಾಯಿತು. ನಾಲ್ಕು ಜನರ ಎದುರು ಮಾತಿನಲ್ಲಿ ಸೋಲದ ಮನುಷ್ಯ ನಾಲ್ಕು ಜನರ ಎದುರು ಕರೆಂಟಿಗೆ ಮರುಳಾಗಿದ್ದರು. ಶಾಲು ಕೊಡವಿ ಎದ್ದು, ಮೆಟ್ಟಿಲು ಇಳಿದರು.

“ನಿಲ್ಲಿ!”

ಗುಲಾಬಿಯಕ್ಕ. ಆ ಹೆಂಗಸು ದನಿ ಏರಿಸಿದ್ದನ್ನು ಓಣಿ ಅದುವರೆಗೆ ಕೇಳಿರಲಿಲ್ಲ. “ಇಡೀ ಊರಿಗೆ ಅರ್ಥ ಹೇಳ್ತೀರಿ. ಹೆತ್ತ ಮಗನ ಒಂದು ಮಾತು ಮುಗಿಯುವವರೆಗೆ ಕೂತುಕೊಳ್ಳಲಿಕ್ಕೆ ನಿಮಗೆ ಎಂತ ಆಗ್ತದೆ? ಅವತ್ತು ಕರೆಂಟ್ ತಡೆಯಿತು. ಅದಕ್ಕೆ ಮೊದಲು ತಡೆದದ್ದು ಯಾರು?”

ಶೆಟ್ಟರು ಕೆಳಗಿನ ಮೆಟ್ಟಿಲಿನ ಮೇಲೆ ನಿಂತೇ ಇದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ತಿರುಗಿ ಬಂದು ಕುರ್ಚಿಯಲ್ಲಿ ಕೂರಲಿಲ್ಲ, ಆ ಮೆಟ್ಟಿಲಿನ ಮೇಲೆಯೇ ಮೆಲ್ಲಗೆ ಕೂತರು. “ಹೇಳು,” ಎಂದರು.

ಲೋಕನಾಥ ಜಗಲಿಯ ಕಂಬ ಹಿಡಿದು ನಿಂತ. ನಾವು ರೇಡಿಯೋದಲ್ಲಿ ಕೇಳುತ್ತಿದ್ದ ಅದೇ ಕ್ಯಾಪ್ಟನ್ನಿನ ದನಿ ನಮ್ಮ ಜಗಲಿಯಲ್ಲಿ ಎದ್ದಿತು.

“ಭೂಮಿಯೇ, ಕೇಳಿಸುತ್ತಿದೆಯೇ? ಇಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದಲ್ಲಿ ಸದ್ದು ಹುಟ್ಟುವುದಿಲ್ಲ. ಈ ಬೂದಿ ಬಯಲಿನಲ್ಲಿ ಲೋಕ ಹುಟ್ಟಿದಂದಿನಿಂದ ಯಾರೂ ಒಂದು ಮಾತು ಆಡಿಲ್ಲ. ಮೇಲೆ ಕಪ್ಪು ಆಕಾಶದಲ್ಲಿ ನೀನು ನೀಲಿಯಾಗಿ ತೇಲುತ್ತಿದ್ದೀ. ನನ್ನ ಹೆಬ್ಬೆರಳು ಎತ್ತಿದರೆ ನೀನು ಅದರ ಹಿಂದೆ ಮರೆಯಾಗುತ್ತೀ. ನಿನ್ನ ಕಡಲುಗಳು, ಊರುಗಳು, ಎಲ್ಲ. ಆದರೆ ಒಂದು ದನಿ ಮಾತ್ರ ಮರೆಯಾಗುವುದಿಲ್ಲ…”

ಅಲ್ಲಿಗೆ ಶೆಟ್ಟರ ಬಲಗೈ ಎದ್ದಿತು.

ಅಭ್ಯಾಸ. ಕೈಗೆ ಅವರನ್ನು ಕೇಳುವ ರೂಢಿಯೇ ಇರಲಿಲ್ಲ. ಲೋಕನಾಥನ ಮಾತು ನಿಂತಿತು, ಮುಖ ಬಿಳಿಚಿತು. ಶೆಟ್ಟರು ಮೇಲೆದ್ದ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಆಮೇಲೆ ಅದನ್ನು ತಂದು ತಮ್ಮದೇ ಬಾಯಿಯ ಮೇಲೆ ಒತ್ತಿ ಹಿಡಿದರು.

“ಒಂದು ದನಿ ಮಾತ್ರ ಮರೆಯಾಗುವುದಿಲ್ಲ,” ಎಂದು ಲೋಕನಾಥ ಮುಂದುವರಿಸಿದ. “ನನಗೆ ಇನ್ನೂ ಮಾತು ಬಾರದ ದಿನಗಳಲ್ಲಿ, ಅಪ್ಪನ ತೊಡೆಯ ಮೇಲೆ ಕೂತು, ಆ ಎದೆ ಗುಂಯ್‌ಗುಟ್ಟುವುದನ್ನು ಬೆನ್ನಿನಲ್ಲಿ ಕೇಳಿ ನಾನು ಮಾತು ಕಲಿತೆ. ನಾನು ಇಷ್ಟು ದೂರ ಬಂದದ್ದು ಆ ದನಿಯಿಂದ ತಪ್ಪಿಸಿಕೊಳ್ಳಲು. ಬಂದು ನೋಡಿದರೆ, ಗಾಳಿಯಿಲ್ಲದ ಈ ದಡದಲ್ಲಿ ನನ್ನ ಕಿವಿಯಲ್ಲಿ ಇರುವುದು ಅದೊಂದೇ. ಇಷ್ಟೇ, ಭೂಮಿಯೇ. ನನ್ನ ಮಾತು ಮುಗಿಯಿತು.”

ನನ್ನ ಕಣ್ಣೀರು ತೇಲಲಿಲ್ಲ, ಭೂಮಿಯ ಕಣ್ಣೀರಲ್ಲವೇ, ಸೀದಾ ಇಳಿದು ಸೀರೆ ಒದ್ದೆ ಮಾಡಿತು.

ಉಮರಬ್ಬನಿಗೆ ಪಂಚಾಯಿತಿ ಮುಗಿಯದೆ ಸಮಾಧಾನವಿಲ್ಲ. “ಈಗ ಹೇಳಿ ಶೆಟ್ರೇ,” ಎಂದು ಮೆಲ್ಲಗೆ ಕೇಳಿದ. “ಯಾವುದು ಬೆಸ್ಟ್? ಸುಮ್ಮನಿದ್ದದ್ದಾ, ಹೇಳಿದ್ದಾ?”

ಎಲ್ಲರೂ ಅವರ ಕಡೆ ತಿರುಗಿದೆವು. ಸಂಕಪ್ಪ ಶೆಟ್ಟರು ಬಾಯಿಯ ಮೇಲಿನ ಕೈ ತೆಗೆದರು. ತುಟಿ ಅಲುಗಿತು, ಗಂಟಲು ಸರಿಮಾಡಿಕೊಂಡರು, ಮತ್ತೊಮ್ಮೆ ಪ್ರಯತ್ನಿಸಿದರು. ಆಗಲಿಲ್ಲ. ಕೊನೆಗೆ ಎದ್ದು, ಮಗನ ಕೈ ಹಿಡಿದುಕೊಂಡು, ಒಂದೂ ಮಾತಿಲ್ಲದೆ ಮನೆಯ ಕಡೆ ನಡೆದರು.